ಸದ್ದು ಹೇಗಿತ್ತು, ಹೇಳು

ಮೂರನೇ ಮಹಡಿಯ ಗುನ್ವೋರ್ ಇಳಿದು ಬಂದಳು
ಏರ್ ಫ್ರೈಯರನ್ನು ಎದೆಗವಚಿಕೊಂಡು
ಜ್ವರ ಬಂದ ಕೂಸಿನ ಹಾಗೆ.
ವೈರು ಹಿಂದೆ ಮೆಟ್ಟಿಲು ಮೆಟ್ಟಿಲಿಗೂ ತಟ್ಟುತ್ತ ಬಂತು.
"ಓಡ್ವಾರ್, ನೀನು ದೋಣಿ ಇಂಜಿನ್ ಸಾಕಿದವನು.
ಇದು ಏನೋ ಸದ್ದು ಮಾಡ್ತಿದೆ, ನೋಡು."

ನೋಡು ಅಂದಳು. ಪುಣ್ಯ.
ಕೇಳು ಅನ್ನಲಿಲ್ಲ.

ಮೂವತ್ತೊಂದು ವರ್ಷ ಓಲೆಸುಂಡಿನ ಮೀನುದೋಣಿಗಳ ಹೊಟ್ಟೆಯೊಳಗೆ ನಿಂತೆ.
ಸಣ್ಣ ಸದ್ದುಗಳೆಲ್ಲ ಒಂದೊಂದಾಗಿ
ಹೇಳದೆ ಕೇಳದೆ ಇಳಿದುಹೋದವು:
ಮೊದಲು ಕೆಟಲಿನ ಸೀಟಿ,
ಆಮೇಲೆ ಬಾಗಿಲ ಗಂಟೆ.
ಕಡಲಹಕ್ಕಿ ಈಗ ಬರೀ ಬಾಯಿ ತೆರೆಯುತ್ತದೆ.
ಈ ಕಟ್ಟಡದವರು ನನ್ನನ್ನು ಬಿಗುಮಾನದವನು ಅನ್ನುತ್ತಾರೆ,
ಅನ್ನಲಿ.
ಗುನ್ವೋರಳ ದನಿ ಗಡಸು, ಅದರ ಬುಡ ಸಿಗುತ್ತದೆ,
ತುದಿಯನ್ನು ಅವಳ ತುಟಿಯಿಂದ ಎತ್ತಿಕೊಳ್ಳುತ್ತೇನೆ.

"ಸದ್ದು ಹೇಗಿತ್ತು, ಹೇಳು."

ಗರಗರ, ಅಂದಳು.
ಅಲ್ಲ, ಗೊರಗೊರ.
ಅಲ್ಲ, ತಡಿ, ಎರಡೂ ಇದೆ.
ಕೆನ್ನೆ ಉಬ್ಬಿಸಿ, ಅಂಗೈ ಬೀಸಿ, ಲಟಲಟಲಟ.
ತೆರಿಗೆ ಕಚೇರಿಯಲ್ಲಿ ಜನರನ್ನು ನಡುಗಿಸಿದ ಹೆಂಗಸು
ನನ್ನ ಅಡುಗೆಮನೆಯಲ್ಲಿ ಗೊರಕೆ ಹೊಡೆದು ತೋರಿಸಿದಳು.
"ಮತ್ತೆ ಬಿಸಿಯೇರಿದ ಮೇಲೆ ಕಿಂಯ್ ಅಂತ ಒಂದು ಎಳೆ.
ತಲೆಯೊಳಗೆ ಸೂಜಿ ಪೋಣಿಸಿದ ಹಾಗೆ."

ಲಟಲಟ ಅಂದರೆ ಕಾಗದ.
ಬುಟ್ಟಿಗೆ ಹಾಸಿದ್ದು ಗಾಳಿಗೆ ಎದ್ದು ಕಾಯಿಲಿಗೆ ಬಡಿಯುತ್ತದೆ.
ಸುಟ್ಟ ಅಂಚು ಸಿಕ್ಕಿತು, ಒಣಗಿದ ಎಲೆಯಷ್ಟು.
"ಮೀನಿನ ಭಾರ ಇಲ್ಲದೆ ಕಾಗದ ಹಾಕಬೇಡ," ಅಂದೆ.
ಗರಗರ, ಕುಂಟು ಕಾಲು. ರಬ್ಬರಿನದು ಮೂರೇ ಉಳಿದಿತ್ತು,
ಸೈಕಲ್ ಟ್ಯೂಬಿನ ತುಂಡು ಅಂಟಿಸಿದೆ.
ಗೊರಗೊರಕ್ಕೆ ಹೊತ್ತು ಹಿಡಿಯಿತು.
ಪ್ಲಗ್ ಕಿತ್ತು, ಆರಲು ಬಿಟ್ಟು, ಬುಟ್ಟಿ ತೆಗೆದು
ತಲೆಕೆಳಗು ಮಾಡಿ ಟಾರ್ಚು ಬಿಟ್ಟರೆ
ಫ್ಯಾನಿನ ಒಂದೇ ರೆಕ್ಕೆಯ ಮೇಲೆ
ಎರಡು ಚಳಿಗಾಲದ ಜಿಡ್ಡು.
ಹಳೇ ಹಲ್ಲುಬ್ರಶ್ಶಿನಲ್ಲಿ ಉಜ್ಜುತ್ತ ಕೂತೆ.

ಒಂದು ರಾತ್ರಿ ಬೇರಿಂಗೊಂದು ಹೀಗೇ ಕಿರುಚುತ್ತಿತ್ತಂತೆ.
ನಾನು ಅದರ ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದೆ.
ಡೆಕ್ಕಿನಿಂದ ಓಡಿಬಂದು ನಿಲ್ಲಿಸಿದವನು ಯೋಸ್ತೈನ್,
ಹತ್ತೊಂಬತ್ತರ ಹುಡುಗ.
ಯಾರಿಗೂ ಹೇಳಲಿಲ್ಲ ಅವನು.
ಆ ವಸಂತದಲ್ಲಿ ನಾನೇ ದಡಕ್ಕೆ ಬಂದೆ,
ಮಂಡಿನೋವು ಅಂತ ಬರೆದುಕೊಟ್ಟು.

"ಕಿಂಯ್ ಇನ್ನೂ ಇದೆ," ಅಂದಳು.
ಸ್ಕ್ರೂಡ್ರೈವರಿನ ತುದಿ ಯಂತ್ರಕ್ಕೆ ಊರಿ
ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದೆ.
ನಡುಕ ಬಂತು.
ಮತ್ತೆ ನಡುಕವೇ ಬಂತು.
ತಲೆಯಾಡಿಸಿದೆ, ಹೂಂ, ಹೂಂ, ಗೊತ್ತಾಯಿತು ಅನ್ನುವ ಹಾಗೆ.

ಅವಳು ಯಾವಾಗಲೋ ಸ್ವಿಚ್ಚು ಆರಿಸಿದ್ದಳು.
ನಡುಗುತ್ತಿದ್ದದ್ದು ನನ್ನ ಕೈ.

ಏನೂ ಅನ್ನಲಿಲ್ಲ. ಕುರ್ಚಿ ಎಳೆದು
ನನಗೆ ಮುಖ ಕಾಣುವ ಹಾಗೆ ಎದುರು ಕೂತಳು.
ಮತ್ತೆ ಸ್ವಿಚ್ಚು ಹಾಕಿ ತೋರುಬೆರಳು ಎತ್ತಿದಳು:
ಇದೆ.
ಬೆನ್ನು ಒತ್ತಿದೆ, ಇದೆ.
ಹಿಡಿಕೆ ಒತ್ತಿದೆ, ಇದೆ.
ಮೇಲ್ಮುಚ್ಚಳದ ಎಡಮೂಲೆಗೆ ಹೆಬ್ಬೆರಳು ಇಟ್ಟದ್ದೇ
ಅವಳ ಬೆರಳು ಮೆಲ್ಲಗೆ ಮಡಿಚಿತು.

ಅಷ್ಟೇ, ಒಂದು ಸ್ಕ್ರೂ.
ಅರ್ಧ ಸುತ್ತು.

ಆಮೇಲೆ ನಾಲ್ಕು ಮೀನುಕೇಕು ಇಟ್ಟಳು, ಹನ್ನೆರಡು ನಿಮಿಷ.
ಹೊರಗೆ ಫೆರ್ರಿ ಕೂಗಿತು, ಅದು ಎದೆಗೆ ಬರುವ ಸದ್ದು,
ಅದು ನನಗೂ ಬಂತು.
ಬಂತು ಅಂತ ನಾನೂ ಒಂದು ಬೆರಳು ಎತ್ತಿದೆ.
ಅವಳು ನಕ್ಕಳು.
ಆಲೂಗಡ್ಡೆ ಸುಲಿಯುತ್ತಿದ್ದವಳು ತಲೆ ತಿರುಗಿಸಿ
ತಟ್ಟೆ ತಾ ಅಂದಳು.

ಟಿಂಗ್ ಎಂದಿತಂತೆ.